ಓದುಗರ ಪ್ರಶ್ನೆ: ಹವಳದ ಗೋಡೆಗೆ ಇಳಿಯುವ ಮುಂಚೆ

ನೌಕಾಪಡೆಯಲ್ಲಿ ಡೈವರ್ ಆಗಿದ್ದು ನಿವೃತ್ತರಾಗಿ ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ನೆಲೆಸಿರುವ, ಚಳಿಗಾಲದಲ್ಲಿ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಕಲಿಸುವ ನಮ್ಮ ಅಂಕಣಕಾರರು ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಬ್ಯಾಂಕ್ ನೌಕರ, ನನ್ನ ಹೆಂಡತಿ ಹೈಸ್ಕೂಲ್ ಶಿಕ್ಷಕಿ. ಹೋದ ಚಳಿಗಾಲದಲ್ಲಿ ನೇತ್ರಾಣಿಯಲ್ಲಿ ಇಬ್ಬರೂ ಸ್ಕೂಬಾದ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆವು. ಈ ಸಲ ಲಕ್ಷದ್ವೀಪಕ್ಕೆ ಹೊರಟಿದ್ದೇವೆ. ಟೂರಿನವರು ಮೊದಲ ದಿನವೇ ‘ವಾಲ್ ಡೈವ್, 30 ಮೀಟರ್’ ಅಂತ, ಅಂದರೆ ಹವಳದ ಗೋಡೆಯ ಪಕ್ಕ ಇಳಿಯುವುದು ಅಂತ ಬರೆದಿದ್ದಾರೆ. ಫೋನ್ ಮಾಡಿ ಕೇಳಿದರೆ, ‘ಗೈಡ್ ಇರ್ತಾನ, ನೀವು ತಲಿ ಕೆಡಿಸ್ಕೋಬ್ಯಾಡ್ರಿ’ ಅಂತಾರೆ. ನಾವು ಏನಾದರೂ ತಯಾರಿ ಮಾಡಿಕೊಳ್ಳಬೇಕೇ?
— ಬ್ಯಾಂಕ್ ನೌಕರ, ವಿಜಯಪುರ

ಉತ್ತರ: ತಲೆ ಕೆಡಿಸಿಕೊಳ್ಳಲೇಬೇಕು. ಅದನ್ನು ಊರಲ್ಲಿ ಕೂತು ಈಗಲೇ ಮಾಡಿದರೆ ಚಲೋ. ದೋಣಿ ಹೊಯ್ದಾಡುತ್ತಿರುವಾಗ, ಬೆನ್ನಿಗೆ ಸಿಲಿಂಡರ್ ಏರಿಸಿಕೊಂಡ ಮೇಲೆ ಲೆಕ್ಕ ತಲೆಗೆ ಹತ್ತುವುದಿಲ್ಲ.

ಮೊದಲನೆಯದು, ಆ 30 ಅನ್ನುವುದನ್ನು ಹೊಡೆದು ಹಾಕಿರಿ. ನಿಮ್ಮಿಬ್ಬರ ಕಾರ್ಡು 18 ಮೀಟರಿಗೆ. 30ಕ್ಕೆ ಇಳಿಯಲು ಅಡ್ವಾನ್ಸ್ಡ್ ಕೋರ್ಸ್ ಆಗಿರಬೇಕು. ಮೊದಲ ದಿನ, ಗೊತ್ತಿಲ್ಲದ ನೀರು, ಬಾಡಿಗೆ ಸಾಮಾನು, ನೇತ್ರಾಣಿಯಿಂದ ಬಂದು ಒಂದು ವರ್ಷವಾದ ಕೈ. ಇಷ್ಟೆಲ್ಲ ಇಟ್ಟುಕೊಂಡು ಸೀದಾ ಗೋಡೆಗೆ ಕರೆದೊಯ್ಯುತ್ತೇನೆ ಅನ್ನುವ ಟೂರಿನವರಿಗೆ ನಿಮಗಿಂತ ಅವರ ವೇಳಾಪಟ್ಟಿ ಮುಖ್ಯ ಅಂತಲೇ ನಾನು ತಿಳಿಯುತ್ತೇನೆ. ಮೊದಲ ಡೈವ್ ಲಗೂನಿನೊಳಗೆ (ಹವಳದ ಅಂಚಿನ ಒಳಗಿನ ನೀರು) ಅಥವಾ ಯಾವುದಾದರೂ ಆಳವಿಲ್ಲದ ದಿಬ್ಬದ ಮೇಲೆ ಆಗಲಿ. ಮುಳುಗಲು ಸೊಂಟಕ್ಕೆ ಎಷ್ಟು ಸೀಸದ ಭಾರ ಬೇಕು ಅನ್ನುವುದು ಅಲ್ಲೇ ಗೊತ್ತಾಗಲಿ.

ಗೋಡೆ ಯಾಕೆ ಬೇರೆ ಅಂತ ಹೇಳುತ್ತೇನೆ. ನೇತ್ರಾಣಿಯಲ್ಲಿ ನಿಮಗೆ ಕಲಿಸಿದ ಜಾಗದಲ್ಲಿ ಬಂಡೆ, ಬಂಡೆಯ ಬುಡಕ್ಕೆ ಮರಳು. ಮೈಮರೆತು ಇಳಿದರೂ ನೆಲ ತಡೆಯುತ್ತದೆ. ಲಕ್ಷದ್ವೀಪದ ದ್ವೀಪಗಳು ಹಾಗಲ್ಲ. ಸಮುದ್ರದೊಳಗಿನ ಉದ್ದನೆಯ ಪರ್ವತ ಸಾಲಿನ ತಲೆಯ ಮೇಲೆ ಹವಳ ಬೆಳೆದು ಆದ ಬಳೆಗಳು ಅವು. ಬಳೆಯ ಒಳಗೆ ಲಗೂನು, ಎದೆಮಟ್ಟ, ಎರಡಾಳು ನೀರು. ಹೊರಗಿನ ಅಂಚು ದಾಟಿದಿರೋ, ಕೆಲವು ಕಡೆ ಕತ್ತರಿಸಿ ಇಟ್ಟ ಹಾಗೆ ಇಳಿಜಾರು. ನಿಮ್ಮೂರ ಗೋಳಗುಮ್ಮಟ 51 ಮೀಟರ್ ಎತ್ತರ. ಅದನ್ನು ತಂದು ಅಂಥ ಅಂಚಿನ ಪಕ್ಕ ಇಳಿಬಿಟ್ಟರೆ ಗುಮ್ಮಟದ ನೆತ್ತಿ ಕೂಡ ನಿಮಗೆ ಕಾಣಲಿಕ್ಕಿಲ್ಲ. ಅಲ್ಲಿ ನೆಲ ಎಷ್ಟಕ್ಕಿರಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ ಹೊತ್ತುಕೊಂಡು ಹೋಗಬೇಕು. ಗೋಡೆ ಡೈವಿನ ಪ್ಲ್ಯಾನ್ ಅಂದರೆ ಮುಖ್ಯವಾಗಿ ಇದೇ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ (ಹಳೆಯ ಹೆಸರು ಹ್ಯಾವ್‌ಲಾಕ್) ನನ್ನ ಜೊತೆ ಹುಬ್ಬಳ್ಳಿಯ ಒಬ್ಬ ಹುಡುಗ ಇಳಿದಿದ್ದ. ಈಜಿನಲ್ಲಿ ಗಟ್ಟಿ, ಕೈಯಲ್ಲಿ ಹೊಸ ಕ್ಯಾಮೆರಾ. 16 ಮೀಟರಿನಲ್ಲಿ ಒಂದು ಕಡಲಾಮೆ ಗೋಡೆಯ ಬಿರುಕಿನಲ್ಲಿ ಏನನ್ನೋ ಕಚ್ಚಿ ಕಚ್ಚಿ ಎಳೆಯುತ್ತಿತ್ತು. ಇವನು ಕ್ಯಾಮೆರಾದೊಳಗೆ ಕಣ್ಣಿಟ್ಟ. ಆಮೆ ನಿಧಾನ ಕೆಳಗೆ ಸರಿಯಿತು, ಇವನೂ ಸರಿದ. ನಾನು ಸಿಲಿಂಡರಿಗೆ ಕಬ್ಬಿಣದ ಕೊಂಡಿಯಿಂದ ಟಣ್ ಟಣ್ ಬಡಿದೆ. ತಿರುಗಿ ನೋಡಿದ. ‘ಕಂಪ್ಯೂಟರ್ ನೋಡು’ ಅಂತ, ಆಳ ತೋರಿಸುವ ಯಂತ್ರ ಕಟ್ಟಿದ ಮಣಿಕಟ್ಟು ತೋರಿಸಿದೆ. 27 ಮೀಟರ್. ಮಾಸ್ಕಿನೊಳಗೆ ಅವನ ಕಣ್ಣು ಅಗಲವಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅವನು ಕಾಲು ಬಡಿದು ಇಳಿದಿರಲಿಲ್ಲ. ಆಳಕ್ಕೆ ಹೋದಷ್ಟೂ ಮೈಮೇಲಿನ ರಬ್ಬರಿನ ವೆಟ್‌ಸೂಟ್ ಅದುಮಿಕೊಳ್ಳುತ್ತದೆ, ತೇಲಲು ತೊಟ್ಟ ಜಾಕೆಟ್ಟಿನೊಳಗಿನ ಗಾಳಿಯೂ ಕುಗ್ಗುತ್ತದೆ, ತೇಲುವ ಶಕ್ತಿ ಇಳಿಯುತ್ತದೆ. ಇಳಿದಷ್ಟೂ ಇನ್ನೂ ಬೇಗ ಇಳಿಯುತ್ತೀರಿ. ನೀರು ತಿಳಿಯಾಗಿದ್ದರೆ ಮೇಲಿನ ಬೆಳಕು ಹತ್ತಿರವೇ ಇದ್ದಂತೆ ಅನ್ನಿಸುತ್ತದೆ, ಆಳ ಅರಿವಿಗೇ ಬರುವುದಿಲ್ಲ. ಅದಕ್ಕೇ ಗೋಡೆಯಲ್ಲಿ ಎರಡು ನಿಮಿಷಕ್ಕೊಮ್ಮೆ ಮಣಿಕಟ್ಟು ನೋಡುವ ರೂಢಿ ಇರಬೇಕು. ಚಿತ್ರ ತೆಗೆಯುವವರು ಒಂದೊಂದು ಚಿತ್ರಕ್ಕೂ ನೋಡಬೇಕು.

ಇನ್ನು ಗಾಳಿಯ ಲೆಕ್ಕ. ನೀವು ಬ್ಯಾಂಕಿನವರು, ನಿಮಗೆ ಇದು ಕಷ್ಟವಲ್ಲ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು. 200 ಬಾರ್ ಒತ್ತಡಕ್ಕೆ ತುಂಬಿದರೆ 2200 ಲೀಟರ್ ಗಾಳಿ. ಹೊಸಬರು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಅಂತ ಹಿಡಿಯೋಣ. ನೀರಿನ ಮೇಲೆ ಒತ್ತಡ ಒಂದು ಬಾರ್, ಕೆಳಗೆ ಪ್ರತಿ 10 ಮೀಟರಿಗೆ ಇನ್ನೊಂದು ಬಾರ್ ಹೆಚ್ಚುತ್ತದೆ. ಆದ್ದರಿಂದ 18 ಮೀಟರಿನಲ್ಲಿ ಅದೇ ಉಸಿರಿಗೆ ನಿಮಿಷಕ್ಕೆ 56 ಲೀಟರ್, 30 ಮೀಟರಿನಲ್ಲಿ 80 ಲೀಟರ್ ಖರ್ಚು.

ಇದರಲ್ಲಿ ಮುಟ್ಟಬಾರದ ಠೇವಣಿ ಎಷ್ಟು? ನಿಮ್ಮ ಹೆಂಡತಿಯ ಗಾಳಿ ನಿಂತುಹೋಯಿತು, ಇಬ್ಬರೂ ನಿಮ್ಮ ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ಮೇಲೆ ಬರಬೇಕು ಅಂತ ಇಟ್ಟುಕೊಳ್ಳಿ. ಗಾಬರಿಯಲ್ಲಿ ಒಬ್ಬೊಬ್ಬರು ನಿಮಿಷಕ್ಕೆ 30 ಲೀಟರ್ ಎಳೆಯುತ್ತೀರಿ, ಇಬ್ಬರಿಗೆ 60. 18 ಮೀಟರಿನಲ್ಲಿ ಪರಿಸ್ಥಿತಿ ಸುಧಾರಿಸಲು ಒಂದು ನಿಮಿಷ, ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಏರುವುದು, ಅಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್, ಆಮೇಲೆ ನಿಧಾನ ಮೇಲೆ. ಎಲ್ಲ ಕೂಡಿಸಿದರೆ 700 ಲೀಟರ್ ದಾಟುತ್ತದೆ, ಅಂದರೆ 64 ಬಾರ್‌ನಷ್ಟು. 70 ಅಂತ ಇಟ್ಟುಕೊಳ್ಳಿ. ಇದೇ ಲೆಕ್ಕ 30 ಮೀಟರಿಗೆ ಮಾಡಿದರೆ ಠೇವಣಿ ಹತ್ತಿರ ಹತ್ತಿರ 100 ಬಾರ್. ಅರ್ಧ ಸಿಲಿಂಡರ್! ಎಲ್ಲ ಕಡೆ ಹೇಳುವ ‘50 ಬಾರ್ ಇರುವಾಗ ದೋಣಿಗೆ ಬನ್ನಿ’ ಅನ್ನುವ ಮಾತಿನಲ್ಲಿ ದೋಣಿ ಅನ್ನುವ ಶಬ್ದ ಮರೆತುಬಿಡುತ್ತಾರೆ. 50 ಇರಬೇಕಾದದ್ದು ದೋಣಿಯಲ್ಲಿ, 30 ಮೀಟರಿನಲ್ಲಲ್ಲ.

ಠೇವಣಿ ತೆಗೆದು ಉಳಿದದ್ದನ್ನು ಭಾಗಿಸಿ ನೋಡಿರಿ. 18 ಮೀಟರಿನಲ್ಲಿ ನಿಮಗೆ 25 ನಿಮಿಷ ಸಿಗುತ್ತದೆ. 30ರಲ್ಲಿ 13, ಬಹಳವಾದರೆ 14. ಡಿಕೊ (ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲೆಂದು ಏರುವಾಗ ಕಡ್ಡಾಯವಾಗಿ ನಿಲ್ಲುವುದು) ಇಲ್ಲದೆ 18 ಮೀಟರಿನಲ್ಲಿ ಇರಬಹುದಾದ ಸಮಯ ಬಳಕೆಯ ಕೋಷ್ಟಕದಲ್ಲಿ 56 ನಿಮಿಷ, 30ರಲ್ಲಿ 20. ಎರಡೂ ಕಡೆ ನೈಟ್ರೋಜನ್ನಿಗಿಂತ ಮೊದಲು ಗಾಳಿಯೇ ನಿಮ್ಮನ್ನು ಮೇಲೆ ಕಳಿಸುತ್ತದೆ. 12 ಮೀಟರ್ ಹೆಚ್ಚಿಗೆ ಇಳಿದು ನೀವು ಪಡೆಯುವುದು ಅರ್ಧ ಸಮಯ, ಕೆಂಪು ಬಣ್ಣವೇ ಇಲ್ಲದ ನೀಲಿ ಮಬ್ಬು, ಜೊತೆಗೆ ನೈಟ್ರೋಜನ್ನಿನ ಸಣ್ಣ ಅಮಲು. ಹವಳಕ್ಕೆ ಬಿಸಿಲು ಬೇಕು, ಮೀನಿಗೆ ಹವಳ ಬೇಕು. ಗೋಡೆಯ ಸಂತೆ ನೆರೆಯುವುದು ಮೇಲಿನ 8ರಿಂದ 18 ಮೀಟರಿನೊಳಗೇ. ಮೊದಲು 18ಕ್ಕೆ ಇಳಿದು, ಅಲ್ಲಿಂದ ನಿಧಾನವಾಗಿ ಅಡ್ಡ ಅಡ್ಡ ಏರುತ್ತ ಬನ್ನಿ. ಮೇಲೇರಿದಂತೆ ಗಾಳಿಯ ಖರ್ಚೂ ಇಳಿಯುತ್ತದೆ, ಡೈವ್ ಉದ್ದವಾಗುತ್ತದೆ.

ಸೆಳೆತದ ಮಾತು ಇದಕ್ಕಿಂತ ದೊಡ್ಡದು. ಬಯಲು ನೀರಿನಲ್ಲಿ ಹರಿವು ಒಂದೇ ಕಡೆ ಹೋಗುತ್ತದೆ. ಗೋಡೆಗೆ ಬಡಿದ ಹರಿವು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸೀಳುತ್ತದೆ, ಕೆಲವೊಮ್ಮೆ ಕೆಳಕ್ಕೂ. ಕೆಳಗೆ ಎಳೆಯುವುದೇ ಕೆಟ್ಟದ್ದು. ಅದರ ಗುರುತು ಬಹಳ ಸ್ಪಷ್ಟ: ನೀವು ಬಿಟ್ಟ ಗುಳ್ಳೆ ಮೇಲೆ ಹೋಗುವುದನ್ನು ಬಿಟ್ಟು ಎದೆಯ ಮುಂದೆ ಸುಳಿಯುತ್ತದೆ, ಆಮೇಲೆ ಪಾದದ ಕಡೆ ಇಳಿಯುತ್ತದೆ. ಮೀನುಗಳು ಯಾವಾಗಲೂ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತವೆ. ಗೋಡೆಯ ಮೀನೆಲ್ಲ ಬಾಲ ಕೆಳಗೆ, ಮೂತಿ ಮೇಲೆ ಮಾಡಿ ಈಜುತ್ತಿದ್ದರೆ ನೀರು ಕೆಳಗೆ ಹೋಗುತ್ತಿದೆ ಅಂತಲೇ ಅರ್ಥ. ಮುಂದಿನ ತಿರುವಿನಲ್ಲಿ ಅಂಥದ್ದು ಕಂಡರೆ ಆ ಕಡೆ ಹೋಗಲೇಬೇಡಿ, ಹಿಂದಿರುಗಿ.

ಸಿಕ್ಕಿಹಾಕಿಕೊಂಡರೆ? ನೆಟ್ಟಗೆ ಮೇಲಕ್ಕೆ ಕಾಲು ಬಡಿಯುತ್ತ ದಣಿಯಬೇಡಿ. ಗೋಡೆ ಕೈಗೆ ಸಿಗುವಂತಿದ್ದರೆ ಬರೀ ಕಲ್ಲು ನೋಡಿ ಹಿಡಿದು ಕೈ ಮೇಲೆ ಕೈ ಇಟ್ಟು ಹತ್ತಿರಿ. ಸಿಗದಿದ್ದರೆ ಗೋಡೆಗೆ ಬೆನ್ನು ಹಾಕಿ ಹೊರಗಿನ ನೀಲಿಯ ಕಡೆ ಅಡ್ಡ ಈಜಿರಿ. ಎಳೆತ ಜೋರಾಗಿರುವುದು ಗೋಡೆಯ ಮಗ್ಗುಲಲ್ಲೇ, ಸ್ವಲ್ಪ ದೂರ ಹೋದರೆ ಸಡಿಲುತ್ತದೆ. ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಬಹುದು, ಆದರೆ ಸೆಳೆತದ ಹಿಡಿತ ತಪ್ಪಿದ ಕ್ಷಣ ಅದೇ ಗಾಳಿ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಬೆರಳು ಗಾಳಿ ಹೊರಗೆ ಬಿಡುವ ಗುಂಡಿಯ ಮೇಲೆಯೇ ಇರಲಿ.

ಇಷ್ಟೆಲ್ಲ ಪೇಚಾಟ ಬೇಡ ಅಂದರೆ ದಿನ ನೋಡಿ ಹೋಗಿರಿ. ಇದಕ್ಕೆ ಆ್ಯಪ್ ಬೇಕಿಲ್ಲ, ನಿಮ್ಮ ಅಡಿಗೆ ಮನೆಯ ಗೋಡೆಗೆ ತೂಗುಬಿಟ್ಟ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಜೂಬಾಜೂ ಉಬ್ಬರ-ಇಳಿತ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಸಣ್ಣದು, ಅದರ ಮಾರನೆಯ ಒಂದೆರಡು ದಿನ ಇನ್ನೂ ಸಣ್ಣದು. ಟಿಕೆಟ್ ಇನ್ನೂ ತೆಗೆದಿಲ್ಲ ಅಂದರೆ ಅಷ್ಟಮಿ ನಡುವೆ ಬರುವಂತೆ ವಾರ ಆರಿಸಿಕೊಳ್ಳಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕಾಗುತ್ತದಲ್ಲ, ಅದಕ್ಕೆ ಅರ್ಜಿ ಹಾಕುವಾಗಲೇ ತಿಥಿ ನೋಡಿ ದಿನ ಗೊತ್ತು ಮಾಡಿದರೆ ಮುಗಿಯಿತು. ಹೆಂಡತಿಯವರು ನಗಬಹುದು, ನಗಲಿ.

ದಿನದೊಳಗೂ ಹೊತ್ತು ಅಂತ ಇದೆ. ಇಳಿತದಲ್ಲಿ ಲಗೂನಿನ ಮರಳು ತುಂಬಿದ ಕದಡು ನೀರು ಅಂಚಿನ ಕಿಂಡಿಗಳಿಂದ ಹೊರಗೆ ನುಗ್ಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೇಲಾಗಿ ನಿಮ್ಮನ್ನು ಬಯಲು ಸಮುದ್ರಕ್ಕೆ ತಳ್ಳುತ್ತದೆ. ಉಬ್ಬರ ತುಂಬುತ್ತ ಬಂದು ನೀರು ನಿಲ್ಲುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು, ಹೊರಗಿನ ತಿಳಿ ನೀರು ಒಳಗೆ ಬಂದಿರುತ್ತದೆ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತದೆ. ಉಬ್ಬರ, ಬಿಸಿಲು ಎರಡೂ ಕೂಡಿಬರದಿದ್ದರೆ ಉಬ್ಬರವನ್ನೇ ಆರಿಸಿ, ಬಿಸಿಲು ಬಿಡಿ.

ಗೈಡಿಗೆ ಬ್ರೀಫಿಂಗಿನಲ್ಲಿ ನೀವೇ ಬಾಯಿಬಿಟ್ಟು ಕೇಳಿರಿ: ಒಬ್ಬ ಗೈಡಿಗೆ ಎಷ್ಟು ಜನ? ದೋಣಿ ಲಂಗರು ಹಾಕಿ ನಿಲ್ಲುತ್ತದೋ, ನಮ್ಮ ಗುಳ್ಳೆಯ ಹಿಂದೆ ಬರುತ್ತದೋ? ಗೋಡೆ ನಮ್ಮ ಯಾವ ಭುಜಕ್ಕಿರುತ್ತದೆ? ಎಷ್ಟು ಬಾರ್‌ಗೆ ತಿರುಗುತ್ತೇವೆ? ದೋಣಿಯಲ್ಲಿ ಆಕ್ಸಿಜನ್ ಇದೆಯೇ? ಗುಂಪು ತಪ್ಪಿದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ಮೇಲೆ ಬರುವುದು ಅನ್ನುವುದನ್ನು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಒಬ್ಬೊಬ್ಬರ ಜೇಬಿನಲ್ಲೂ ಕಿತ್ತಳೆ ಬಣ್ಣದ ಎಸ್‌ಎಂಬಿ ಕೊಳವೆ (ಗಾಳಿ ತುಂಬಿ ನೀರಿನ ಮೇಲೆ ಗುರುತಿಗೆ ನಿಲ್ಲಿಸುವುದು), ಒಂದು ಸೀಟಿ ಇರಲಿ. ಅಲೆಯ ನಡುವೆ ಒಂದು ತಲೆ ದೋಣಿಯವನಿಗೆ ಕಾಣುವುದು ಕಷ್ಟ, ಆಳೆತ್ತರದ ಕಿತ್ತಳೆ ಕೊಳವೆ ಎದ್ದು ನಿಂತರೆ ಕಾಣುತ್ತದೆ. ಕೊಳವೆಗೆ ಗಾಳಿ ತುಂಬುವುದನ್ನು ಯಾವುದಾದರೂ ಈಜುಕೊಳದಲ್ಲಿ ಒಮ್ಮೆ ಮಾಡಿ ನೋಡಿ ಹೋಗಿ.

ಒಬ್ಬರಿಗೆ ಮನಸ್ಸಿಲ್ಲ ಅಂದರೆ ಇಬ್ಬರೂ ಇಳಿಯಬೇಡಿ. ದುಡ್ಡು ಕೊಟ್ಟಾಗಿದೆ ಅನ್ನುವ ಮಾತು ದೋಣಿಯ ಮೇಲೆ ಬರಬಾರದು.

ಪ್ರಶ್ನೆ: ಅಣ್ಣಾರ, ನಾವು ಬೆಳಗಾವಿಯ ನಾಲ್ಕು ಮಂದಿ ಗೆಳೆಯರು. ಶುಕ್ರವಾರ ರಾತ್ರಿ ಕಾರ್ ತಗೊಂಡು ಮುರುಡೇಶ್ವರಕ್ಕೆ ಹೋಗಿ, ಶನಿವಾರ ಎರಡು, ರವಿವಾರ ಮುಂಜಾನೆ ಎರಡು ಡೈವ್ ಮಾಡಿ, ಸಂಜೆಗೆ ಊರಿಗೆ ಹೊರಡೋ ಪ್ಲ್ಯಾನ್. ವಿಮಾನ ಹತ್ತಬಾರದು ಅಂತ ಕೋರ್ಸಿನಲ್ಲಿ ಹೇಳಿದ್ದರು, ಆದರೆ ನಾವು ಕಾರಿನಲ್ಲಿ ಬರ್ತೀವಿ. ಏನೂ ತೊಂದರೆ ಇಲ್ಲ ಅಲ್ಲ?
— ನಾಲ್ವರು, ಶಹಾಪೂರ, ಬೆಳಗಾವಿ

ಉತ್ತರ: ತಮ್ಮಗೋಳ್ರಾ, ತೊಂದರೆ ಇದೆ. ಡೈವಿನಲ್ಲಿ ಮೈಗೆ ಸೇರಿದ ನೈಟ್ರೋಜನ್ನಿಗೆ ನೀವು ಕಾರಿನಲ್ಲಿದ್ದೀರೋ ವಿಮಾನದಲ್ಲಿದ್ದೀರೋ ತಿಳಿಯುವುದಿಲ್ಲ. ಸುತ್ತಲಿನ ಒತ್ತಡ ಇಳಿಯಿತು ಅಂದರೆ ಅದು ರಕ್ತದಲ್ಲಿ ಗುಳ್ಳೆ ಕಟ್ಟಲು ನೋಡುತ್ತದೆ.

ಮುರುಡೇಶ್ವರ ಸಮುದ್ರ ಮಟ್ಟ. ನಮ್ಮ ಬೆಳಗಾವಿ ಸುಮಾರು 750 ಮೀಟರ್ ಎತ್ತರ. ಡೈವ್ ಮಾಡಿ ವಿಮಾನ ಹತ್ತುವ ಮುಂಚೆ ಎಷ್ಟು ಕಾಯಬೇಕು ಅನ್ನುವ ನಿಯಮ ಇದೆಯಲ್ಲ, ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸುಮಾರು 600 ಮೀಟರಿನಿಂದ 2400 ಮೀಟರ್ ಎತ್ತರದ ಒತ್ತಡವನ್ನು. ಅಂದಮೇಲೆ ನೀವು ಅಂಕೋಲಾ ದಾಟಿ, ಅರಬೈಲ್ ಘಟ್ಟ ಏರಿ, ಯಲ್ಲಾಪುರದ ಮೇಲೆ ಧಾರವಾಡಕ್ಕೆ ಬರುವಷ್ಟರಲ್ಲಿ ಆ ಗೆರೆ ದಾಟಿರುತ್ತೀರಿ. ಗೋವಾದಿಂದ ಚೋರ್ಲಾ ಘಟ್ಟ ಹತ್ತಿ ಬರುವವರಿಗೂ ಇದೇ ಮಾತು. ಬಾಗಲಕೋಟೆಯವರು ‘ನಮ್ಮೂರು ತಗ್ಗಿನಾಗ ಐತಿ’ ಅಂತ ಖುಷಿಪಡಬೇಡಿ. ಊರು ತಗ್ಗಿನಲ್ಲಿರುವುದು ಖರೆ, ಆದರೆ ದಾರಿ ಹುಬ್ಬಳ್ಳಿಯ ಮೇಲೇ ಹೋಗುತ್ತದೆ.

ಒಂದೇ ಡೈವ್ ಆಗಿದ್ದರೆ 12 ತಾಸು, ದಿನಕ್ಕೆ ಎರಡು-ಮೂರು ಅಥವಾ ಸತತ ದಿನಗಳಾದರೆ 18 ತಾಸು ಕಾಯಬೇಕು. ರವಿವಾರ 11 ಗಂಟೆಗೆ ನೀರಿನಿಂದ ಎದ್ದರೆ ಸೋಮವಾರ ಬೆಳಗಿನ 5ರವರೆಗೆ ಘಟ್ಟ ಹತ್ತುವಂತಿಲ್ಲ. ಆಫೀಸಿಗೆ ಹೆಂಗ ಹೋಗ್ತೀರಿ? ಆದ್ದರಿಂದ ಡೈವನ್ನೇ ಬೇಗ ಮುಗಿಸಿಕೊಳ್ಳಿ. ಶುಕ್ರವಾರ ರಜೆ ಹಾಕಿ ಗುರುವಾರ ರಾತ್ರಿಯೇ ಹೊರಡಿ. ಶುಕ್ರವಾರ ಮಧ್ಯಾಹ್ನದ ತನಕ ಮಲಗಿ ನಿದ್ದೆ ತೀರಿಸಿಕೊಳ್ಳಿ, ಶನಿವಾರ ಎರಡು ಡೈವ್ ಮಾಡಿ. ಮಧ್ಯಾಹ್ನ 2ಕ್ಕೆ ಮುಗಿದರೆ ರವಿವಾರ ಬೆಳಿಗ್ಗೆ 8ಕ್ಕೆ ದಾರಿ ಬಿಡುಗಡೆ. ಅಷ್ಟರಲ್ಲಿ ದೇವಸ್ಥಾನ ನೋಡಿ, ಬಂಗಡೆ ಊಟ ಮಾಡಿ. ರಾತ್ರಿಯೆಲ್ಲ ಕಾರು ಓಡಿಸಿ ಬಂದು ಬೆಳಿಗ್ಗೆ ನೀರಿಗೆ ಹಾರುವ ನಿಮ್ಮ ಮೂಲ ಪ್ಲ್ಯಾನ್ ಬಗ್ಗೆ ನನಗೆ ಘಟ್ಟದಷ್ಟೇ ಸಿಟ್ಟಿದೆ. ನಿದ್ದೆಗೆಟ್ಟ, ನೀರು ಕುಡಿಯದ ಮೈಗೆ ಡಿಕೊ ತಾಪತ್ರಯ, ಅಂದರೆ ಈ ಗುಳ್ಳೆಯ ಕಾಯಿಲೆ, ಬೇಗ.

ಡೈವ್ ಆದ ಮೇಲೆ ಭುಜ, ಮೊಣಕೈ, ಮೊಣಕಾಲಿನ ಸಂದಿಯಲ್ಲಿ ಒಳಗಿನಿಂದ ನೋವು, ಚರ್ಮದ ಮೇಲೆ ಕಲೆ ಮತ್ತು ತುರಿಕೆ, ವಿಪರೀತ ಸುಸ್ತು, ಜೋಮು, ಕಾಲು ಎಳೆಯುವುದು, ಇವುಗಳಲ್ಲಿ ಯಾವುದು ಕಂಡರೂ ‘ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು’ ಅಂತ ನೋವಿನ ಗುಳಿಗೆ ನುಂಗಿ ಕಾರು ಹತ್ತಬೇಡಿ. ಅಲ್ಲೇ ಶುದ್ಧ ಆಕ್ಸಿಜನ್ ಹಚ್ಚಿಸಿಕೊಳ್ಳಿ, ಡೈವಿಂಗ್ ತಿಳಿದ ವೈದ್ಯರನ್ನು ಫೋನಿನಲ್ಲಿ ಹಿಡಿಯಿರಿ. ಚಿಕಿತ್ಸೆಗೆ ಬೇಕಾದ ಒತ್ತಡದ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ ಅನ್ನುವುದನ್ನು ಡೈವ್ ಸೆಂಟರಿನವರನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡಿರಬೇಕು. ಘಟ್ಟ ಮಾತ್ರ ಹತ್ತಬೇಡಿ.

ಪ್ರಶ್ನೆ: ಸರ, ನಾ ಮುಧೋಳ ತಾಲೂಕಿನ ಕಬ್ಬಿನ ರೈತ. ವಯಸ್ಸು 52. ಸಣ್ಣಾಂವ ಇದ್ದಾಗಿಂದ ಬಾವ್ಯಾಗ ಈಜೀನಿ. ಈಗೂ ಒಂದ ಉಸುರಿನ್ಯಾಗ ತಳದ ಮಣ್ಣ ತಗೊಂಡ ಬರ್ತೀನಿ. ಟೀವ್ಯಾಗ ಆ ಹವಳದ ಗ್ವಾಡಿ ನೋಡಿ ಆಶಾ ಆಗೇತಿ. ನನಗ ಕೋರ್ಸ್ ಯಾಕ ಬೇಕು? ಸೀದಾ ಇಳೀಬಹುದೇನ್ರಿ?
— ರೈತ, ಮುಧೋಳ

ಉತ್ತರ: ಗೌಡ್ರ, ನಿಮ್ಮ ಈಜಿಗೆ ನಮಸ್ಕಾರ. ಕೋರ್ಸಿನ ಈಜಿನ ಪರೀಕ್ಷೆ ಅಂದರೆ 200 ಮೀಟರ್ ಈಜುವುದು, 10 ನಿಮಿಷ ತೇಲುವುದು. ಅದು ನಿಮಗೆ ಎಡಗೈ ಕೆಲಸ. ಪಟ್ಟಣದ ಹುಡುಗರಿಗೆ ಕಲಿಸುವಾಗ ನೀರಿನ ಅಂಜಿಕೆ ಬಿಡಿಸುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತದೆ, ನಿಮಗೆ ಆ ತಾಪವಿಲ್ಲ.

ಆದರೆ ಬಾವಿ ನಿಮಗೆ ಒಂದು ಚಟ ಕಲಿಸಿದೆ, ಉಸಿರು ಬಿಗಿಹಿಡಿಯುವುದು. ಸ್ಕೂಬಾದಲ್ಲಿ ಅದೇ ಪ್ರಾಣಕ್ಕೆ ಕುತ್ತು. ಬಾವಿಗೆ ಹಾರುವಾಗ ನೀವು ಎದೆಗೆ ತುಂಬಿಕೊಂಡದ್ದು ಮೇಲಿನ ಗಾಳಿ. ತಳದಲ್ಲಿ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಹೆಚ್ಚಾಗುವುದಿಲ್ಲ. ಸಿಲಿಂಡರಿನಿಂದ 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಆಗುತ್ತದೆ. ಬಾಯಿ ಮುಚ್ಚಿ ಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಅದಕ್ಕೆ ಒಂದಾಳು ನೀರು ಕೂಡ ಸಾಕು. ಅದಕ್ಕೇ ಕೋರ್ಸಿನ ಮೊದಲ ಪಾಠವೇ ಎಂದಿಗೂ ಉಸಿರು ಕಟ್ಟಬಾರದು ಅನ್ನುವುದು. ನಲವತ್ತು ವರ್ಷದ ರೂಢಿ ಮರೆಯಲು ನಿಮಗೆ ಬೇರೆಯವರಿಗಿಂತ ಒಂದು ದಿನ ಹೆಚ್ಚು ಬೇಕಾದೀತು. ಮೂರ್ನಾಲ್ಕು ದಿನದ ಕೋರ್ಸು, ಕಬ್ಬು ಕಡಿಸಿ ಆದ ಮೇಲೆ ಫೆಬ್ರುವರಿಯ ಸುಮಾರಿಗೆ ಬನ್ನಿ. ಕಿವಿಗೆ ನೋವು ಬರುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೀವು ಬಾವಿಯಲ್ಲೇ ಕಲಿತಿರುತ್ತೀರಿ, ಅದು ಉಪಯೋಗಕ್ಕೆ ಬರುತ್ತದೆ.

52 ಆಯಿತು ಅಂದರೆ ಬಿಪಿ, ಸಕ್ಕರೆ, ಹೃದಯ ತೋರಿಸಿ ಡಾಕ್ಟರ ಸಹಿ ತನ್ನಿ. ಬೀಡಿ ಸೇದುತ್ತಿದ್ದರೆ ಅದನ್ನೂ ಅವರಿಗೆ ಹೇಳಿ, ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ. ಇನ್ನೊಂದು, ಯಾರೋ ಪರಿಚಯದವರ ಸಿಲಿಂಡರ್ ತಂದು ಬಾವಿಯಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಪ್ರಯೋಗ ಮಾಡುವವರ ಸುದ್ದಿ ನನ್ನ ಕಿವಿಗೆ ಬಿದ್ದಿದೆ. ಮುಳುಗಿದ ಜಾಲಿ ಗಿಡ, ಹಳೆ ಬಲೆ, ಕೈ ಮುಂದೆ ಹಿಡಿದರೆ ಕೈ ಕಾಣದ ನೀರು. ಅಲ್ಲಿ ನಾನೂ ಇಳಿಯಲಾರೆ.

ಪ್ರಶ್ನೆ: ನನಗೆ ಮೈನಸ್ 4 ಚಷ್ಮಾ. ಮಾಸ್ಕ್ ಹಾಕಿದರೆ ಮೀನು ಕಾಣ್ತದೋ ಇಲ್ಲೋ?
— ಪಿಯು ವಿದ್ಯಾರ್ಥಿನಿ, ಗೋಕಾಕ

ಉತ್ತರ: ಕಾಣುತ್ತದೆ. ನಿಮ್ಮ ನಂಬರಿನ ಗಾಜು ಕೂರಿಸಿದ ಮಾಸ್ಕ್ ಸಿಗುತ್ತದೆ, ಹೋಗುವ ಮುಂಚೆ ಕೇಳಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ನಡೆಯುತ್ತದೆ, ಮಾಸ್ಕಿಗೆ ನೀರು ತುಂಬಿ ತೆಗೆಯುವ ಅಭ್ಯಾಸ ಮಾಡುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳಿ. ನೀರಿನೊಳಗೆ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ. ಊರಿಗೆ ಬಂದು ಮೀನಿನ ಅಳತೆ ಹೇಳುವಾಗ ಅದನ್ನು ಕಳೆದು ಹೇಳಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ್ಯಾಗ ಕೆಲಸಕ್ಕ ಅದಾಳ. ಗೆಳತ್ಯಾರ ಕೂಡ ಅಂಡಮಾನಕ್ಕ ಹೊಂಟಾಳ, ಸಮುದ್ರದಾಗ ಗ್ವಾಡಿ ನೋಡಾಕ ಇಳೀತೀನಿ ಅಂತಾಳ. ಶಾರ್ಕ್ ಮೀನ ಇರ್ತಾವಂತ. ಬ್ಯಾಡ ಅಂದ್ರ ಕೇಳವಲ್ಲಳು. ಏನ ಮಾಡ್ಲಿ? ದೋಣ್ಯಾಗ ವಾಂತಿ ಆಗ್ತಾವಂತ, ಏನ ಕಟ್ಟಿ ಕಳಸ್ಲಿ?
— ಒಬ್ಬ ತಾಯಿ, ಇಳಕಲ್ಲ

ಉತ್ತರ: ಅಕ್ಕಾರ, ಶಾರ್ಕಿನ ಚಿಂತೆ ಬಿಡ್ರಿ. ಗೋಡೆಗಳ ಹತ್ತಿರ ಓಡಾಡುವವು ಹೆಚ್ಚಾಗಿ ಸಣ್ಣ ಜಾತಿಯವು, ನಮ್ಮ ಗುಳ್ಳೆಯ ಸದ್ದಿಗೇ ದೂರ ಸರಿಯುತ್ತವೆ. ಅಂಡಮಾನಿನ ಕೆಲವು ಖಾಡಿ ಮತ್ತು ದಂಡೆಗಳಲ್ಲಿ ಮೊಸಳೆ ಇರುವುದು ಮಾತ್ರ ಖರೆ. ಬೋರ್ಡ್ ಹಾಕಿದ ಕಡೆ ಈಜಲು ಇಳಿಯಬಾರದು ಅಂತ ಗಟ್ಟಿಯಾಗಿ ಹೇಳಿ.

ಸ್ಕೂಬಾದಲ್ಲಿ ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ಗಾಳಿ ಮುಗಿಯುವವರೆಗೂ ಗೇಜ್ ನೋಡದವರಿಗೆ, ಗಾಬರಿಯಲ್ಲಿ ಸರ್ರನೆ ಮೇಲೆ ಬಂದವರಿಗೆ, ಹೃದಯದ ತೊಂದರೆ ಮುಚ್ಚಿಟ್ಟವರಿಗೆ. ಹಾಗಾಗಿ ಮಗಳಿಗೆ ಬೇಡ ಅನ್ನುವ ಬದಲು ಇಷ್ಟು ಕೇಳಿ: ಕೋರ್ಸ್ ಆಗಿದೆಯೇ? ಆಗಿಲ್ಲ ಅಂದರೆ ಗೋಡೆ ಬೇಡ, ಕಲಿಸುವವರು ಕೈ ಹಿಡಿದು 12 ಮೀಟರಿನೊಳಗೆ ಒಯ್ಯುವ ಮೊದಲ ಅನುಭವದ ಡೈವ್ ಸಾಕು. ನೆಗಡಿ ಇದೆಯೇ? ಇದ್ದರೆ ಕಿವಿ ಹರಿದೀತು, ಅಂದು ದಂಡೆಯಲ್ಲೇ ಕೂರಲಿ. ಕೊನೆಯ ಡೈವಿಗೂ ಪೋರ್ಟ್ ಬ್ಲೇರಿನ (ಈಗಿನ ಹೆಸರು ಶ್ರೀ ವಿಜಯಪುರಂ) ವಿಮಾನಕ್ಕೂ ನಡುವೆ 18 ತಾಸು ಇದೆಯೇ? ನೀವು ಈ ಮೂರನೆಯದನ್ನು ಕೇಳಿದರೆ ಅವಳು ಬೆರಗಾಗುತ್ತಾಳೆ, ನೋಡಿ.

ತಿಂಡಿಯ ವಿಷಯ. ಖಾಲಿ ಹೊಟ್ಟೆಯಲ್ಲೂ ವಾಂತಿ ಆಗುತ್ತದೆ, ತುಂಬಿದ ಹೊಟ್ಟೆಯಲ್ಲೂ ಆಗುತ್ತದೆ. ದೋಣಿ ಹತ್ತುವ ಒಂದೂವರೆ ತಾಸು ಮುಂಚೆ ಎರಡು ಇಡ್ಲಿ ಅಥವಾ ಒಂದು ರೊಟ್ಟಿ ಸಾಕು, ಎಣ್ಣೆ-ಖಾರ ಬೇಡ. ಬಾಯಲ್ಲಿ ಶುಂಠಿ ಇಟ್ಟುಕೊಳ್ಳಲಿ, ದೋಣಿಯ ನಡುವೆ ಕೂತು ದೂರದ ದಿಗಂತ ನೋಡಲಿ, ಮೊಬೈಲ್ ನೋಡಬಾರದು. ವಾಂತಿಯ ಗುಳಿಗೆ ಕೆಲವರಿಗೆ ಮಂಪರು ತರುತ್ತದೆ. ಆದ್ದರಿಂದ ಹೊಸ ಗುಳಿಗೆಯನ್ನು ಡೈವಿನ ದಿನ ಮೊದಲ ಸಲ ನುಂಗದೆ ಊರಲ್ಲೇ ಡಾಕ್ಟರರನ್ನು ಕೇಳಿ ಒಮ್ಮೆ ತೆಗೆದುಕೊಂಡು ನೋಡಲಿ. ಶೇಂಗಾ ಹೋಳಿಗೆ ಕಟ್ಟಿಕೊಡಿ, ಡೈವ್ ಮುಗಿದ ಮೇಲೆ ತಿನ್ನುವ ಹಸಿವು ಬೇರೆಯೇ. ಜೊತೆಯ ಹುಡುಗಿಯರಿಗೂ ಸಾಲುವಷ್ಟು ಮಾಡಿ.

ಪ್ರಶ್ನೆ: ಷೋಕೇಸಿಗೆ ಇಡಲು ಒಂದು ಸಣ್ಣ ಹವಳದ ತುಂಡು ತರಬಹುದೇ? ಸತ್ತು ಬಿದ್ದದ್ದಾದರೂ?
— ವ್ಯಾಪಾರಿ, ಬಾಗಲಕೋಟೆ

ಉತ್ತರ: ಬೇಡ. ಗಟ್ಟಿ ಹವಳ, ಕರಿ ಹವಳ, ಬೀಸಣಿಗೆ ಹವಳ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದರೆ ಸತ್ತದ್ದು ಅನ್ನುವ ಮಾತು ನಡೆಯುವುದಿಲ್ಲ. ನೀರು ಅತಿಯಾಗಿ ಕಾದು 1998, 2010, 2016 ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿದೆ. ಹೊಸ ಮರಿ ಹವಳ ಅಂಟಿಕೊಂಡು ಬೆಳೆಯುವುದೇ ಆ ಸತ್ತ ಕಲ್ಲಿನ ಮೇಲೆ. ಷೋಕೇಸಿಗೆ ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಏನಾದರೂ ಕೆತ್ತಿಸಿ ಇಡಿ, ನಿಮಗೆ ಹತ್ತಿರವೂ ಆಗುತ್ತದೆ.